ಗಾಡಿಯ ಓಣಿಗೆ ಬಂದ ಮೋಟಾರ್ ಸೈಕಲ್

ಗ್ರಾಮ ನಕಾಶೆಯನ್ನು ಬಿಡಿಸಿ ನೋಡಿದ ರೈತರಿಗೆ ಅದರಲ್ಲಿನ ತುಂಡು ಗೆರೆಗಳ ಪರಿಚಯ ಇದ್ದೇ ಇದೆ. ಒಂಟಿ ಗೆರೆಯಾದರೆ ಕಾಲುದಾರಿ, ಜೋಡಿ ಗೆರೆಯಾದರೆ ಬಂಡಿದಾರಿ. ಆ ಜೋಡಿ ಗೆರೆಯ ಮೇಲೆ ಅಜ್ಜನ ಕಾಲದಲ್ಲಿ ಎತ್ತಿನ ಗಾಡಿ ಹೋಗುತ್ತಿತ್ತು. ಈಗ ಟ್ರ್ಯಾಕ್ಟರ್ ಹೋಗುತ್ತದೆ, ಫಟಫಟಿಯೂ ಹೋಗುತ್ತದೆ. ಗಾಡಿಗೆ ಇದ್ದ ಹಕ್ಕು ಇಂಜಿನ್ನಿಗೂ ಬಂತೇ ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಮಾತ್ರ ಈ ಪ್ರಶ್ನೆ ಹೊಲದ ಬದುವಿನಿಂದ ಎದ್ದು ಪಾರ್ಲಿಮೆಂಟಿಗೂ ಸುಪ್ರೀಂ ಕೋರ್ಟಿಗೂ ಹೋಗಿಬಂದಿದೆ. ಹೊಲದ ನಡುವೆ ದಾರಿಯಿರುವ ಯಾವ ರೈತನೂ ಆ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಎರಡೂ ಕಡೆ ಬೇಲಿ ಸಾಲು, ನಡುವೆ ಹುಲ್ಲು ಬೆಳೆದ ಮಣ್ಣಿನ ದಾರಿಗಳಿವೆ. ನಮ್ಮ ಹಳೆಯ ಮೈಸೂರು ಕಡೆಯ ಓಣಿಗಳನ್ನು ನೆನೆದುಕೊಂಡರೆ ಸಾಕು. ಅಲ್ಲಿಯವರು ಅವನ್ನು 'ಹಸಿರು ಓಣಿ' ಎಂದೇ ಕರೆಯುತ್ತಾರೆ. ಟಾರು ಕಾಣದ ಈ ಓಣಿಗಳಲ್ಲಿ ರಜಾದಿನಗಳಂದು ನಡೆಯುವವರು, ಕುದುರೆ ಸವಾರರು, ಸೈಕಲ್ಲಿನವರು, ಮೋಟಾರ್ ಸೈಕಲ್ಲಿನವರು ಎಲ್ಲರೂ ಬರುತ್ತಾರೆ. ಅದೇ ಓಣಿಯಲ್ಲಿ ರೈತನು ಕುರಿಮಂದೆಯನ್ನೂ ಹೊಡೆದುಕೊಂಡು ಹೋಗಬೇಕು.

ದಾರಿಗೆ ನಾಲ್ಕು ಬಣ್ಣ

ಅಲ್ಲಿ ದಾರಿ ಎಂದರೆ ಬರೀ ದಾರಿಯಲ್ಲ. ಅದರ ಮೇಲೆ ಯಾರು ಹೋಗಬಹುದು ಎಂಬುದು ಕಾನೂನಿನಲ್ಲಿ ಗೊತ್ತುಪಡಿಸಿದ ವಿಷಯ. ಕಾಲುದಾರಿಯಲ್ಲಿ ನಡೆಯುವವರು ಮಾತ್ರ. ಕುದುರೆ ದಾರಿಯಲ್ಲಿ ನಡೆಯುವವರೂ ಕುದುರೆಯವರೂ ಹೋಗಬಹುದು. 1968ರ ಕಾನೂನಿನಿಂದ ಸೈಕಲ್ಲಿಗೂ ಅವಕಾಶವಾಯಿತು. ಮೂರನೆಯದು ಗಾಡಿ ಹೋಗಬಹುದಾದ, ಆದರೆ ಇಂಜಿನ್ ವಾಹನ ಹೋಗಬಾರದ ದಾರಿ. ನಾಲ್ಕನೆಯದು ಎಲ್ಲ ವಾಹನಗಳಿಗೂ ತೆರೆದ ದಾರಿ. ತಿರುವುಗಳಲ್ಲಿ ಕಂಬ ನೆಟ್ಟು ಬಾಣದ ಗುರುತು ಹಾಕಿರುತ್ತಾರೆ: ಕಾಲುದಾರಿಗೆ ಹಳದಿ, ಕುದುರೆ ದಾರಿಗೆ ನೀಲಿ, ಮೂರನೆಯದಕ್ಕೆ ನೇರಳೆ, ನಾಲ್ಕನೆಯದಕ್ಕೆ ಕೆಂಪು. ಓದು ಬಾರದವನೂ ಬಣ್ಣ ನೋಡಿ ತಿಳಿಯಬಹುದು.

ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿ.ಮೀ. ಇದರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಕಾಲುದಾರಿಯೇ. ಕೆಂಪು ಬಾಣದ ದಾರಿ ನೂರಕ್ಕೆ ಎರಡರಷ್ಟು ಮಾತ್ರ. ಇದಲ್ಲದೆ ಸ್ಥಳೀಯ ಆಡಳಿತದ ರಸ್ತೆ ಪಟ್ಟಿಯಲ್ಲಿ ಸೇರಿದ್ದೂ ಟಾರು ಕಾಣದೆ ಉಳಿದ ಹಳೆಯ ರಸ್ತೆಗಳು ಕೆಲವಿವೆ. ಇಷ್ಟು ಸಣ್ಣ ಪಾಲಿಗೆ ಇಷ್ಟು ದೊಡ್ಡ ಜಗಳವೇಕೆ ಎಂದು ಅನಿಸಬಹುದು. ಮೋಟಾರ್ ಸೈಕಲ್ಲಿನವರು ಹೇಳುವುದೂ ಅದನ್ನೇ: 'ನಮಗಿರುವುದೇ ಅಷ್ಟು, ಅದನ್ನೂ ಕಿತ್ತುಕೊಳ್ಳಬೇಡಿ' ಎಂದು. ನಡೆಯುವವರ ವಾದ ಬೇರೆ. ಸದ್ದು, ಕೆಸರು, ಕೊರಕಲು ಬಿದ್ದ ಮೇಲೆ ಆ ದಾರಿ ಮಿಕ್ಕವರಿಗೆ ಇದ್ದೂ ಇಲ್ಲದಂತೆ ಎಂಬುದು ಅವರ ದೂರು. ಎರಡರಲ್ಲೂ ಹುರುಳಿದೆ.

ಹಳೆಯ ಕಾಗದ, ಹೊಸ ಹಕ್ಕು

ಒಮ್ಮೆ ಸಾರ್ವಜನಿಕ ದಾರಿಯಾದದ್ದು ಎಂದೆಂದಿಗೂ ಸಾರ್ವಜನಿಕ ದಾರಿಯೇ ಎಂಬುದು ಇಂಗ್ಲೆಂಡಿನ ಹಳೆಯ ನ್ಯಾಯಸೂತ್ರ. ಜನ ಓಡಾಡುವುದನ್ನು ಬಿಟ್ಟರೂ ಹಕ್ಕು ಸಾಯುವುದಿಲ್ಲ. ಆದುದರಿಂದ ಇನ್ನೂರು ವರ್ಷದ ಹಿಂದೆ ಆ ಓಣಿಯಲ್ಲಿ ಗಾಡಿ ಹೋಗುತ್ತಿತ್ತೆಂದು ತೋರಿಸಿಕೊಟ್ಟರೆ ಅದು ವಾಹನದ ದಾರಿ ಎಂದಾಯಿತು. ಮೋಟಾರೂ ಒಂದು ವಾಹನವೇ ಎಂದಾಯಿತು. ಹೀಗೆ ಸತ್ತುಹೋದ ಗಾಡಿಯ ಹಕ್ಕು ಮೋಟಾರ್ ಸೈಕಲ್ಲಿಗೆ ಆಸ್ತಿಯಂತೆ ಇಳಿದುಬಂತು.

ಅದನ್ನು ತೋರಿಸಲು ಕಾಗದಗಳೂ ಇದ್ದವು. ಸಾಮೂಹಿಕ ಗೋಮಾಳಗಳನ್ನು ವಿಂಗಡಿಸಿ ಬೇಲಿ ಹಾಕಿದ ಕಾಲದಲ್ಲಿ, 1801ರ ಕಾನೂನಿನಂತೆ, ಸಾರ್ವಜನಿಕ ಗಾಡಿರಸ್ತೆಗೆ ಕನಿಷ್ಠ 30 ಅಡಿ ಅಗಲ ಬಿಡಬೇಕಾಗಿತ್ತು. ಆಗ ಬರೆದ ತೀರ್ಪು ಪತ್ರಗಳು ಉಳಿದಿವೆ. 1910ರಲ್ಲಿ ಜಮೀನಿನ ಮೇಲೆ ತೆರಿಗೆ ಹಾಕಲು ಅಳತೆ ಮಾಡಿದಾಗ ಸಾರ್ವಜನಿಕ ರಸ್ತೆಗಳನ್ನು ಲೆಕ್ಕದಿಂದ ಬಿಟ್ಟಿದ್ದರು. ನಕ್ಷೆಯಲ್ಲಿ ಅವು ಬಣ್ಣ ಹಚ್ಚದೆ ಬಿಳಿಯಾಗಿ ಉಳಿದವು. ಎಲ್ಲ ದಾರಿಗಳನ್ನೂ ಒಂದು ಅಧಿಕೃತ ನಕ್ಷೆಗೆ ಏರಿಸುವ ಕೆಲಸ 1949ರ ಕಾನೂನಿನಿಂದ ಆರಂಭವಾಯಿತು. ಆದರೆ ಆಗ 'ಹೆಚ್ಚಾಗಿ ಕಾಲುದಾರಿಯಂತೆ, ಕುದುರೆ ದಾರಿಯಂತೆ ಬಳಕೆಯಾಗುವ ರಸ್ತೆ' ಎಂಬ ಅಡ್ಡಗೋಡೆಯ ಮೇಲಿನ ದೀಪದಂಥ ಒಂದು ವರ್ಗವನ್ನೂ ಮಾಡಿಟ್ಟರು. ಅದರಲ್ಲಿ ವಾಹನಕ್ಕೆ ಹಕ್ಕುಂಟೋ ಇಲ್ಲವೋ ಸ್ಪಷ್ಟವಿರಲಿಲ್ಲ. ಮುಂದಿನ ತಕರಾರುಗಳಲ್ಲಿ ಅನೇಕವು ಹುಟ್ಟಿದ್ದು ಅಲ್ಲಿಂದಲೇ. ದಾಖಲೆ ಬರೆಯುವವನು ಒಂದು ಮಾತನ್ನು ತೇಲಿಸಿ ಬರೆದರೆ ಮೂರು ತಲೆಮಾರು ಕೋರ್ಟಿಗೆ ಅಲೆಯುವುದು ನಮ್ಮಲ್ಲೂ ಹೊಸದಲ್ಲ.

ಕಾಡು ಮೇಡಿನಲ್ಲಿ ಓಡಿಸಲೆಂದೇ ಮಾಡಿದ ಹಗುರವಾದ ಜಪಾನಿ ಮೋಟಾರ್ ಸೈಕಲ್‌ಗಳು 1968ರಿಂದೀಚೆಗೆ ಮಾರುಕಟ್ಟೆಗೆ ಬಂದವು. ಆ ವರ್ಷ ಬಂದ ಯಮಾಹಾ ಡಿಟಿ-1 ಇವುಗಳಲ್ಲಿ ಹೆಸರಾದದ್ದು. 1970ರಲ್ಲಿ ಟ್ರೈಲ್ ರೈಡರ್ಸ್ ಫೆಲೋಶಿಪ್ ಎಂಬ ಸವಾರರ ಸಂಘ ಹುಟ್ಟಿತು. ಇವರು ಹಳೆಯ ಕಾಗದಗಳನ್ನು ಹುಡುಕಿ ಓಣಿಗಳ ಹಕ್ಕನ್ನು ದಾಖಲೆ ಮಾಡಿಸತೊಡಗಿದರು. ಎದುರು ಪಕ್ಷದವರೂ ಸಂಘ ಕಟ್ಟಿದರು.

ನೆಲಕ್ಕೆ ಆಗುವುದೇನು?

ಜಗಳದ ಈ ಭಾಗ ಮಣ್ಣಿನ ಕೆಲಸ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಒಣಗಿದ ಗಟ್ಟಿ ನೆಲದ ಮೇಲೆ ಮೋಟಾರ್ ಸೈಕಲ್ ಹೋದರೆ ಹೆಚ್ಚೇನೂ ಆಗದು. ಸವಾರನನ್ನೂ ಸೇರಿಸಿದರೂ ಅದರ ಭಾರ ಟ್ರ್ಯಾಕ್ಟರಿನ ಭಾರದ ಮುಂದೆ ಅಲ್ಪ. ತೊಂದರೆ ಇರುವುದು ಒದ್ದೆ ನೆಲದಲ್ಲಿ, ಅದರಲ್ಲೂ ಏರಿನಲ್ಲಿ. ಗಂಟು ಗಂಟಾದ ಟೈರು ಹಿಡಿತ ಸಿಗದೆ ತಿರುಗಿದಾಗ ಹುಲ್ಲಿನ ಬೇರನ್ನು ಕಿತ್ತೆಸೆಯುತ್ತದೆ. ಒಂದು ಗೀರು ಬೀಳುತ್ತದೆ. ಮುಂದಿನ ಮಳೆಯ ನೀರು ಆ ಗೀರನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಗೀರು ಜಾಡಾಗಿ, ಜಾಡು ಕೊರಕಲಾಗುತ್ತದೆ. ಆಮೇಲೆ ಬಂದವರು, ನಡೆಯುವವರಾಗಲಿ ಕುದುರೆಯವರಾಗಲಿ, ಕೊರಕಲನ್ನು ತಪ್ಪಿಸಲು ಪಕ್ಕದ ಹುಲ್ಲನ್ನು ತುಳಿಯುತ್ತಾರೆ. ದಾರಿ ಅಗಲವಾಗುತ್ತಾ ಹೋಗುತ್ತದೆ.

ಕುದುರೆಯ ಗೊರಸೂ ಒದ್ದೆ ನೆಲವನ್ನು ಕಲಸುತ್ತದೆ, ರೈತನ ಟ್ರ್ಯಾಕ್ಟರು ಇನ್ನೂ ಆಳವಾದ ಜಾಡು ಬೀಳಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ. ಯಾರ ಗಾಲಿಯಿಂದ ಆಯಿತೆಂದು ಕೊರಕಲನ್ನು ನೋಡಿ ಹೇಳುವುದು ಅನೇಕ ಸಲ ಕಷ್ಟ. ಬೇರು ರೋಗ ನೀರಿನದು. ಪಕ್ಕದ ಚರಂಡಿ ಹೂತು, ಮೇಲಿನ ನೀರು ದಾರಿಗೇ ಇಳಿಯುತ್ತಿದ್ದರೆ ಯಾರನ್ನು ತಡೆದರೂ ದಾರಿ ಉಳಿಯದು. ಚರಂಡಿ ತೆಗೆದು, ಇಳಿಜಾರಿನಲ್ಲಿ ಅಡ್ಡಗಾಲುವೆ ಕೊಟ್ಟು ನೀರನ್ನು ಹೊರಹಾಕಿ, ಬೇಲಿಯ ಕೊಂಬೆ ಸವರಿ ಬಿಸಿಲು ಗಾಳಿ ಬೀಳುವಂತೆ ಮಾಡಿದರೆ ಅದೇ ದಾರಿ ಹೆಚ್ಚು ಭಾರವನ್ನು ತಡೆಯುತ್ತದೆ.

ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಹಾದುಹೋಗುವ ರಿಜ್‌ವೇ ಎಂಬ ಬಹು ಪುರಾತನ ದಾರಿಯಲ್ಲಿ ಕಾಲಮಾನ ನೋಡಿ ಒಂದು ಕಟ್ಟುಪಾಡು ಮಾಡಿದ್ದಾರೆ. 139 ಕಿ.ಮೀ. ಉದ್ದದ ಈ ದಾರಿಯಲ್ಲಿ ವಾಹನಗಳಿಗೆ ಹಕ್ಕಿರುವ ಭಾಗಗಳನ್ನು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಎಂದರೆ ನೆಲ ಹಸಿಯಿರುವ ಚಳಿಗಾಲದಲ್ಲಿ, ಮೋಟಾರುಗಳಿಗೆ ಮುಚ್ಚುತ್ತಾರೆ. ಬೇಸಿಗೆಯಲ್ಲಿ ತೆರೆಯುತ್ತಾರೆ. ಪೂರಾ ಮುಚ್ಚುವುದಕ್ಕಿಂತ ಇದು ಜಾಣತನವೆಂದು ನನಗೆ ತೋರುತ್ತದೆ.

ಎಲ್ಲ ಕಡೆ ಹೀಗೆ ಆಗಲಿಲ್ಲ. ಡರ್ಬಿಶೈರ್ ಸೀಮೆಯ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಚಾಪೆಲ್ ಗೇಟ್ ಎಂಬ ಏರುದಾರಿಯನ್ನು ಪ್ರಯೋಗಾರ್ಥವಾಗಿ ಮೋಟಾರುಗಳಿಗೆ ಮುಚ್ಚಿದ ಆಜ್ಞೆಯನ್ನು 2012ರಲ್ಲಿ ಹೈಕೋರ್ಟು ರದ್ದುಮಾಡಿತು. 2014ರಲ್ಲಿ ಪ್ರಾಧಿಕಾರ ಕ್ರಮವಾಗಿ ಕಾಯಂ ಆಜ್ಞೆ ಹೊರಡಿಸಿ ಮುಚ್ಚಿತು. ಉತ್ತರದ ಲೇಕ್ ಡಿಸ್ಟ್ರಿಕ್ಟಿನ ಟಿಲ್ಬರ್‌ತ್ವೇಟ್ ಎಂಬಲ್ಲಿ ಹರ್ಡ್‌ವಿಕ್ ಕುರಿಗಳನ್ನು ಸಾಕುವ ಹಿಡುವಳಿಗಳ ನಡುವೆ ಹಾಯುವ ಕಲ್ಲು ಮಣ್ಣಿನ ರಸ್ತೆಯ ವಿಷಯದಲ್ಲಿ ಇದಕ್ಕೆ ವಿರುದ್ಧವಾಯಿತು: ಮುಚ್ಚಬೇಕೆಂಬ ಕೂಗೆದ್ದರೂ 2019ರಲ್ಲಿ ಪ್ರಾಧಿಕಾರ ಮುಚ್ಚದಿರಲು ನಿರ್ಧರಿಸಿತು, 2020ರಲ್ಲಿ ಹೈಕೋರ್ಟು ಆ ನಿರ್ಧಾರವನ್ನು ಎತ್ತಿಹಿಡಿಯಿತು.

2006ರ ಕತ್ತರಿ

ಗಾಡಿಯ ಹಕ್ಕು ಮೋಟಾರಿಗೆ ಇಳಿಯುವ ಕೊಂಡಿಯನ್ನು 2006ರ ಕಾನೂನು ಕತ್ತರಿಸಿತು. ಅಧಿಕೃತ ನಕ್ಷೆಯಲ್ಲಾಗಲಿ ರಸ್ತೆ ಪಟ್ಟಿಯಲ್ಲಾಗಲಿ ಸೇರದೆ ಉಳಿದಿದ್ದ ದಾರಿಗಳ ಮೇಲೆ ಇಂಜಿನ್ ವಾಹನಗಳ ಸಾರ್ವಜನಿಕ ಹಕ್ಕು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಂಗ್ಲೆಂಡಿನಲ್ಲಿ 2006ರ ಮೇ 2ರಂದು ಅಳಿದುಹೋಯಿತು. ಮುಂಚೆ ಹೇಳಿದ ಅಸ್ಪಷ್ಟ ವರ್ಗದ ದಾರಿಗಳು ಅಂದೇ ನೇರಳೆ ಬಾಣದ ದಾರಿಗಳಾದವು. ಇಪ್ಪತ್ತು ವರ್ಷ ಜನ ತಡೆಯಿಲ್ಲದೆ ಓಡಾಡಿದರೆ ದಾರಿ ಸಾರ್ವಜನಿಕವಾಗುತ್ತದೆಂಬ ನಿಯಮ ಅಲ್ಲಿದೆ. ನಡೆಯುವವರಿಗೆ ಅದು ಇನ್ನೂ ಅನ್ವಯಿಸುತ್ತದೆ. ಮೋಟಾರ್ ಓಡಿಸಿ ಓಡಿಸಿ ಹೊಸ ಹಕ್ಕು ಗಳಿಸುವ ದಾರಿ ಮಾತ್ರ ಮುಚ್ಚಿತು. (ನಮ್ಮ 1882ರ ಅನುಭೋಗದ ಹಕ್ಕುಗಳ ಕಾನೂನಿನಲ್ಲೂ ಇಪ್ಪತ್ತು ವರ್ಷದ ಲೆಕ್ಕವೇ ಇದೆ. ಆದರೆ ಅಲ್ಲಿ ಹಕ್ಕು ಸೇರುವುದು ಒಂದು ಜಮೀನಿಗೆ, ಊರಿನವರಿಗೆಲ್ಲ ಅಲ್ಲ.)

ಇಲ್ಲಿ ರೈತನಿಗೆ ಒಂದು ಅಪಾಯವಿತ್ತು. ಆ ಓಣಿಯಿಂದಲೇ ಹೊಲಕ್ಕೆ ಟ್ರ್ಯಾಕ್ಟರ್ ಒಯ್ಯುತ್ತಿದ್ದವನ ಗತಿಯೇನು? ಸಾರ್ವಜನಿಕರ ಹಕ್ಕಿನ ಆಸರೆಯಲ್ಲೇ ಅವನೂ ಓಡಾಡುತ್ತಿದ್ದನಲ್ಲವೇ? ಅದಕ್ಕಾಗಿ ಅದೇ ಕಾನೂನಿನಲ್ಲಿ ಒಂದು ಉಪಬಂಧ ಸೇರಿಸಿದರು. ತನ್ನ ಜಮೀನಿಗೆ ಹೋಗಲು ಆ ದಾರಿ ಅವಶ್ಯವಾಗಿದ್ದವನಿಗೆ ವಾಹನದ ಹಕ್ಕು ಖಾಸಗಿ ಹಕ್ಕಾಗಿ ಮುಂದುವರಿಯಿತು. ಮೋಜಿನ ಸವಾರನನ್ನು ತಡೆಯಲು ಹಾಕಿದ ಬೇಲಿಯಲ್ಲಿ ಬೇಸಾಯಗಾರ ಸಿಕ್ಕಿಬೀಳದಂತೆ ನೋಡಿಕೊಂಡರು.

2005ರ ಜನವರಿ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಅರ್ಜಿ ಕೊಟ್ಟಿದ್ದ ದಾರಿಗಳಿಗೂ ವಿನಾಯಿತಿ ಇತ್ತು. ಆಗ ವಾದವೆಲ್ಲ 'ಕ್ರಮಬದ್ಧ' ಎಂಬ ಪದದ ಮೇಲೆ ಬಂದು ನಿಂತಿತು. ಡಾರ್ಸೆಟ್ ಸೀಮೆಯ ಐದು ದಾರಿಗಳಿಗೆ 2004ರಲ್ಲಿ ಕೊಟ್ಟ ಅರ್ಜಿಗಳೊಂದಿಗೆ ಇದ್ದ ನಕ್ಷೆ ಕಂಪ್ಯೂಟರಿನಲ್ಲಿ ತೆಗೆದದ್ದು; 1:50,000 ಪ್ರಮಾಣದ ನಕ್ಷೆಯನ್ನು ಹಿಗ್ಗಿಸಿ 1:25,000 ಮಾಡಿದ್ದು. ನಿಯಮ ಕೇಳುತ್ತಿದ್ದುದು 1:25,000ಕ್ಕೆ ಕಡಿಮೆಯಿಲ್ಲದ ನಕ್ಷೆ. ಹಿಗ್ಗಿಸಿದ್ದು ಆ ಪ್ರಮಾಣದ ನಕ್ಷೆಯಾಗದು ಎಂದು ಕೌಂಟಿ ಕೌನ್ಸಿಲ್ ತಿರಸ್ಕರಿಸಿತು. ಸವಾರರು ಹೈಕೋರ್ಟಿನಲ್ಲಿ ಸೋತು, ಮೇಲಿನ ಕೋರ್ಟಿನಲ್ಲಿ ಗೆದ್ದರು. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರಲ್ಲಿ ಮೂವರು ಸವಾರರ ಪರವಾಗಿ, ಇಬ್ಬರು ವಿರುದ್ಧವಾಗಿ ತೀರ್ಪಿತ್ತರು. ಅರ್ಜಿಗೆ ಲಗತ್ತಿಸುವ ಒಂದು ಕಾಗದಕ್ಕಾಗಿ ಹನ್ನೊಂದನೆಯ ವರ್ಷದವರೆಗೆ ಕಾಯಬೇಕಾಯಿತು!

ಒಂದೇ ಓಣಿಯಲ್ಲಿ

ಕೆಂಪು ಬಾಣದ ದಾರಿಯಲ್ಲೂ ಮೋಟಾರ್ ಸೈಕಲ್ಲಿಗೆ ನಂಬರು, ವಿಮೆ, ಸವಾರನಿಗೆ ಲೈಸೆನ್ಸು ಇರಲೇಬೇಕು, ಏಕೆಂದರೆ ಅದೂ ರಸ್ತೆಯೇ. ಕಾಲುದಾರಿಗೋ ಹೊಲಕ್ಕೋ ಅಧಿಕಾರವಿಲ್ಲದೆ ನುಗ್ಗಿದರೆ ಅಪರಾಧ. ಜನರಿಗೆ ಕಿರುಕುಳವಾಗುವಂತೆ ಓಡಿಸುವವನ ವಾಹನವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು 2002ರ ಕಾನೂನು ಪೊಲೀಸರಿಗೆ ಕೊಟ್ಟಿತು. ಕೆಟ್ಟ ಹೆಸರು ತರುವವರು ಬಹುಮಟ್ಟಿಗೆ ನಂಬರಿಲ್ಲದ ಗಾಡಿಯವರು, ಅವರಿಂದ ತಮಗೂ ಬಾಗಿಲು ಮುಚ್ಚುತ್ತಿದೆ ಎಂದು ಸಂಘದ ಸವಾರರು ಹಲುಬುತ್ತಾರೆ. ಅವರು ತಮ್ಮೊಳಗೆ ಮಾಡಿಕೊಂಡ ನಡವಳಿಕೆ ಹೀಗಿದೆ: ಚಿಕ್ಕ ಗುಂಪಿನಲ್ಲಿ ಹೋಗುವುದು, ಕುದುರೆ ಎದುರಾದರೆ ನಿಂತು ಇಂಜಿನ್ ಆರಿಸುವುದು, ದನಕುರಿ ಕಂಡಲ್ಲಿ ನಿಧಾನಿಸುವುದು, ಗೇಟು ಹೇಗಿತ್ತೋ ಹಾಗೇ ಬಿಡುವುದು, ನೆಲ ಮೆತ್ತಗಿದ್ದರೆ ಹಿಂದಿರುಗುವುದು. ವಸಂತದಲ್ಲಿ ಕುರಿಗಳು ಮರಿಹಾಕುವ ವೇಳೆಗೆ ಈ ಮಾತುಗಳ ಬೆಲೆ ರೈತನಿಗೆ ತಿಳಿಯುತ್ತದೆ. ಬೆದರಿದ ಗಬ್ಬದ ಕುರಿ ಓಡಿದರೆ ನಷ್ಟ ಯಾರದು?

ಕಟ್ಟುಪಾಡು ರೈತನಿಗೂ ಇದೆ. ಹೊಲದ ನಡುವೆ ಹಾಯುವ ಕಾಲುದಾರಿಯನ್ನು, ಬಿಟ್ಟು ಉಳುವುದು ಅನುಕೂಲವಲ್ಲದಿದ್ದರೆ, ಅವನು ಉಳಬಹುದು. ಆದರೆ ಮೊದಲ ಉಳುಮೆಯಾದ 14 ದಿನದೊಳಗೆ, ಅದೇ ಬೆಳೆಗೆ ಆಮೇಲೆ ಮಾಡುವ ಬಿತ್ತನೆ, ಹರಗುವಿಕೆಯಂಥ ಕೆಲಸವಾದರೆ 24 ಗಂಟೆಯೊಳಗೆ, ದಾರಿಯನ್ನು ಸರಿಪಡಿಸಿ ಗುರುತು ಕಾಣುವಂತೆ ಮಾಡಬೇಕು. ಬದುವಿನ ಅಂಚಿನ ದಾರಿಯನ್ನು ಉಳುವಂತೆಯೇ ಇಲ್ಲ. ವಾಹನದ ಓಣಿಯನ್ನೂ ಅಷ್ಟೇ. ವರ್ಷಕ್ಕೊಂದು ಸಾಲಿನಂತೆ ಬಂಡಿದಾರಿಯನ್ನು ಒಳಗೆ ಹಾಕಿಕೊಳ್ಳುವ ನಮ್ಮ ಕೆಲವರಿಗೆ ಇದು ಬಿಗಿ ಎನಿಸಬಹುದು.

ಮೋಟಾರ್ ಸೈಕಲ್ ಪಂದ್ಯಕ್ಕೆ ಸಾರ್ವಜನಿಕ ದಾರಿಯ ಬದಲು ತನ್ನ ಹೊಲವನ್ನೇ ಕೊಡುವ ರೈತರೂ ಉಂಟು. ಹೀಗೆ ವರ್ಷಕ್ಕೆ 14 ದಿನಗಳವರೆಗೆ ಇಂಗ್ಲೆಂಡಿನಲ್ಲಿ ಪ್ರತ್ಯೇಕ ಯೋಜನಾ ಅನುಮತಿ ಬೇಕಿಲ್ಲ. ವಿಶೇಷ ಸಂರಕ್ಷಿತ ಜಾಗಗಳಿಗೆ ಮಾತ್ರ ಈ ಸಡಿಲಿಕೆ ಇಲ್ಲ. ಬೀಳುಬಿಟ್ಟ ಏರುತಗ್ಗಿನ ಜಮೀನಿನಿಂದ ನಾಲ್ಕು ಕಾಸು ಬರುತ್ತದೆ, ಓಣಿಯ ಮೇಲಿನ ಒತ್ತಡವೂ ಇಳಿಯುತ್ತದೆ.

ಇತ್ತ ನಡೆಯುವವರ ಹಳೆಯ ದಾರಿಗಳಿಗೂ ಗಡುವಿನ ಭಯ ತಪ್ಪಿರಲಿಲ್ಲ. ನಕ್ಷೆಗೆ ಸೇರದ ಪುರಾತನ ಕಾಲುದಾರಿ, ಕುದುರೆ ದಾರಿಗಳ ಹಕ್ಕು 2026ರ ಜನವರಿ 1ಕ್ಕೆ ಅಳಿಯುವಂತೆ 2000ದ ಕಾನೂನು ಏರ್ಪಡಿಸಿತ್ತು. 2023ರಲ್ಲಿ ಆ ಗಡುವನ್ನು 2031ಕ್ಕೆ ಮುಂದೂಡಿದರು. 2024ರ ಕೊನೆಯಲ್ಲಿ ಗಡುವನ್ನೇ ತೆಗೆದುಹಾಕುವುದಾಗಿ ಸರ್ಕಾರ ಪ್ರಕಟಿಸಿತು. ಅಷ್ಟರಲ್ಲಿ ಊರೂರಿನ ನಡಿಗೆಯ ಸಂಘದವರು ದಫ್ತರಗಳಲ್ಲಿ ಕುಳಿತು, ಹಿಂದೆ ಮೋಟಾರಿನವರು ಹುಡುಕಿದ ಅದೇ ಗಾಡಿಯ ಗುರುತನ್ನು ಆ ಬಿಳಿ ಬಿಟ್ಟ ನಕ್ಷೆಗಳಲ್ಲಿ ತಾವೂ ಹುಡುಕತೊಡಗಿದ್ದರು.