ತೆಳ್ಳನೆಯ ಪೆಟ್ಟಿಗೆ, ತಿಳಿಯಾದ ಮಾತು

ಈಗಿನ ಟಿ.ವಿ.ಗಳಲ್ಲಿ ಚಿತ್ರ ಸೊಗಸಾದಷ್ಟೂ ದನಿ ಬಡವಾಗಿದೆ. ಪರದೆ ತೆಳುವಾಗುತ್ತ ಹೋದಂತೆ ಸ್ಪೀಕರಿಗೆ ಉಳಿಯುವ ಜಾಗವೂ ಕರಗಿತು. ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳಲ್ಲಿ ಸ್ಪೀಕರ್ ಸಾಮಾನ್ಯವಾಗಿ ಪರದೆಯ ಪಕ್ಕದಲ್ಲೋ ಕೆಳಗೋ ನಮ್ಮ ಕಡೆಗೇ ಮುಖ ಮಾಡಿ ಕೂತಿರುತ್ತಿತ್ತು. ಇಂದಿನ ಎಲ್‌ಇಡಿ ಟಿ.ವಿ.ಯಲ್ಲಿ ಅದು ಕೆಳಗಂಚಿನಲ್ಲಿ ನೆಲ ನೋಡುತ್ತಲೋ, ಬೆನ್ನಿನಲ್ಲಿ ಗೋಡೆ ನೋಡುತ್ತಲೋ ಇರುವುದೇ ಹೆಚ್ಚು. ದನಿ ಮೊದಲು ಟೇಬಲ್ಲಿಗೋ ಗೋಡೆಗೋ ಬಡಿದು ಆಮೇಲೆ ಕಿವಿಗೆ ಬರುತ್ತದೆ. ಹಾಗಾಗಿ ಧಾರಾವಾಹಿಯಲ್ಲಿ ಹಿನ್ನೆಲೆ ಸಂಗೀತ ಏರಿದೊಡನೆ ಮಾತು ಮುಳುಗುತ್ತದೆ. ಮಾತು ಕೇಳಲೆಂದು ವಾಲ್ಯೂಮ್ ಏರಿಸಿದರೆ ಜಾಹೀರಾತು ಬಂದಾಗ ಮಲಗಿದ ಮಗು ಎಚ್ಚರವಾಗುತ್ತದೆ.

ಈ ಕೊರತೆ ತುಂಬಲು ಬಂದದ್ದು ಸೌಂಡ್‌ಬಾರ್: ಟಿ.ವಿ.ಯ ಮುಂದೆ ಅಡ್ಡಲಾಗಿ ಮಲಗುವ, ಐದಾರು ಸೆಂಟಿಮೀಟರ್ ಎತ್ತರದ ಉದ್ದನೆಯ ಪೆಟ್ಟಿಗೆ. ಬೆಂಗಳೂರಿನ ಒಂದು ಬಿ.ಎಚ್.ಕೆ. ಬಾಡಿಗೆ ಮನೆಗೆ ಇದು ಒಗ್ಗುವಷ್ಟು ಬೇರೆ ಯಾವ ಸ್ಪೀಕರ್ ಸೆಟ್ಟೂ ಒಗ್ಗುವುದಿಲ್ಲ. ಐದು ಸ್ಪೀಕರುಗಳನ್ನು ಐದು ಮೂಲೆಗೆ ಇಡಲು ಅಲ್ಲಿ ಮೂಲೆಗಳಿಲ್ಲ, ವೈರು ಎಳೆಯಲು ಗೋಡೆಗೆ ಮೊಳೆ ಹೊಡೆದರೆ ಓನರ್ ಅಡ್ವಾನ್ಸಿನಲ್ಲಿ ಪೇಂಟಿಂಗ್ ಖರ್ಚು ಹಿಡಿಯುತ್ತಾರೆ. ಬಾರಾದರೆ ಟಿ.ವಿ. ಸ್ಟ್ಯಾಂಡಿನ ಮೇಲೆ ಸುಮ್ಮನೆ ಇಟ್ಟರಾಯಿತು, ಮನೆ ಬದಲಿಸುವಾಗ ಬೆಡ್‌ಶೀಟಿನಲ್ಲಿ ಸುತ್ತಿ ಒಯ್ಯಬಹುದು. ಐದು ಸಾವಿರದಿಂದ ಹನ್ನೆರಡು ಸಾವಿರ ರೂಪಾಯಿಯೊಳಗೆ ಹತ್ತಾರು ಬಗೆ ಸಿಗುತ್ತವೆ. ಯಾವುದು ಒಳ್ಳೆಯದು ಎಂದು ತಿಳಿಯಲು ಆ ಪೆಟ್ಟಿಗೆಯೊಳಗೆ ನಡೆದಿರುವ ಕೆಲಸವನ್ನು ಒಮ್ಮೆ ನೋಡಬೇಕು. ಅದು ನಿಜಕ್ಕೂ ದೊಡ್ಡ ಕಸುಬು.

ದನಿ ಹುಟ್ಟುವುದು ಡ್ರೈವರಿನಲ್ಲಿ. ಡ್ರೈವರ್ ಎಂದರೆ ಸ್ಪೀಕರ್ ಪೆಟ್ಟಿಗೆಯೊಳಗಿನ ಒಂದೊಂದು ಬಿಡಿ ಸ್ಪೀಕರ್. ಅದರ ಮುಂಭಾಗದಲ್ಲಿ ಕಾಗದ ಅಥವಾ ಪ್ಲಾಸ್ಟಿಕ್ಕಿನ ಒಂದು ಕೋನ್ ಇರುತ್ತದೆ. ಕೋನಿನ ಕೊರಳಿಗೆ ಕೂದಲೆಳೆಯಂಥ ತಂತಿಯನ್ನು ಒತ್ತೊತ್ತಾಗಿ ಸುತ್ತಿದ ಪುಟ್ಟ ಸುರುಳಿ ಅಂಟಿಸಿರುತ್ತಾರೆ. ಇದು ವಾಯ್ಸ್ ಕಾಯಿಲ್. ಕಾಯಿಲ್ ಒಂದು ಅಯಸ್ಕಾಂತದ ನಡುವಿನ ಸಂದಿಯಲ್ಲಿ ತೂಗುತ್ತಿರುತ್ತದೆ. ಸುರುಳಿಗೂ ಸಂದಿಯ ಗೋಡೆಗೂ ನಡುವೆ ಇರುವ ತೆರಪು ಮಿಲಿಮೀಟರಿನ ಒಂದು ಪಾಲು ಮಾತ್ರ. ಹಾಡಿನ ವಿದ್ಯುತ್ ಸುರುಳಿಯಲ್ಲಿ ಹರಿದಾಗ ಅಯಸ್ಕಾಂತ ಅದನ್ನು ಮುಂದಕ್ಕೆ ತಳ್ಳುತ್ತದೆ, ಹಿಂದಕ್ಕೆ ಎಳೆಯುತ್ತದೆ, ಜೊತೆಗೆ ಕೋನೂ ಅಲುಗಿ ಗಾಳಿಯನ್ನು ಅಲುಗಿಸುತ್ತದೆ. ಹೀಗೆ ಸೆಕೆಂಡಿಗೆ ಸಾವಿರಾರು ಸಲ ಓಡಾಡುವಾಗಲೂ ಸುರುಳಿ ಗೋಡೆಗೆ ತಾಗಬಾರದು. ತಾಗಿದರೆ ಗರಗರ ಸದ್ದು, ಕೆಲವೇ ದಿನದಲ್ಲಿ ಕಾಯಿಲ್ ಸವೆದು ಸ್ಪೀಕರ್ ಸತ್ತಂತೆ. ಅದನ್ನು ನಡುಮಧ್ಯದಲ್ಲಿ ಹಿಡಿದಿಡುವುದು ಸ್ಪೈಡರ್ ಎಂಬ ನೆರಿಗೆ ಬಟ್ಟೆಯ ಬಿಲ್ಲೆ ಮತ್ತು ಕೋನಿನ ಹೊರ ಅಂಚಿನ ರಬ್ಬರ್ ಉಂಗುರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಈ ರಚನೆಯನ್ನು 1925ರಲ್ಲಿ ವಿವರಿಸಿದರು. ನೂರು ವರ್ಷ ಕಳೆದರೂ ಅದರ ಮೂಲ ಬದಲಾಗಿಲ್ಲ. ಹಳೆಯ ಸ್ಪೀಕರಿನ ಕೋನ್ ಬಿಚ್ಚಿ ಹೊಸ ಕಾಯಿಲ್ ಕೂರಿಸುವ ರಿಪೇರಿಯವರು ಆ ಸಂದಿಯಲ್ಲಿ ತೆಳ್ಳನೆಯ ಫಿಲ್ಮ್ ತುಂಡುಗಳನ್ನು ಸುತ್ತ ಸೇರಿಸಿ, ಅಂಟು ಒಣಗುವ ತನಕ ಕಾದು, ಆಮೇಲೆ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಆ ಕೆಲಸ ನೋಡಿದವರಿಗೆ ಇಲ್ಲಿ ಬೇಕಾದ ನಿಖರತೆ ಎಷ್ಟೆಂದು ಗೊತ್ತು.

ಸೌಂಡ್‌ಬಾರ್ ಮಾಡುವವರ ಕಷ್ಟ ಶುರುವಾಗುವುದು ಇದರ ನಂತರ. ದನಿ ಇಳಿದಷ್ಟೂ, ಅಂದರೆ ಮಂದ್ರಕ್ಕೆ ಹೋದಷ್ಟೂ ಕೋನ್ ಹೆಚ್ಚು ದೂರ ಚಲಿಸಬೇಕು. ಲೆಕ್ಕ ಕಟ್ಟುನಿಟ್ಟಾಗಿದೆ: ಅಷ್ಟೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ಚಲಿಸಬೇಕು, ಎರಡು ಸ್ಥಾಯಿ ಕೆಳಗಾದರೆ ಹದಿನಾರು ಪಟ್ಟು. ಐದು ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಸುವ ಪುಟ್ಟ ಕೋನಿಗೆ ಅಷ್ಟು ಓಡಾಟ ಸಾಧ್ಯವಿಲ್ಲ. ಇದಕ್ಕೆ ಎಂಜಿನಿಯರುಗಳು ಹುಡುಕಿದ ದಾರಿಗಳು ಒಂದಕ್ಕಿಂತ ಒಂದು ಚೆಂದ.

ಮೊದಲನೆಯದು ಆಕಾರದ್ದು. ದುಂಡನೆಯ ಕೋನಿನ ಎತ್ತರ ಹೆಚ್ಚಿಸಲಾಗದಿದ್ದರೆ ಅದನ್ನು ಅಡ್ಡಕ್ಕೆ ಎಳೆದು ಮೊಟ್ಟೆಯಾಕಾರ ಮಾಡುತ್ತಾರೆ. ಎತ್ತರ ಅಷ್ಟೇ ಇದ್ದು ಗಾಳಿ ತಳ್ಳುವ ಮೈ ಹೆಚ್ಚುತ್ತದೆ. ಎರಡನೆಯದು ಪೆಟ್ಟಿಗೆಯ ಬೆನ್ನಿಗೋ ಪಕ್ಕಕ್ಕೋ ಇಡುವ ಕೊಳವೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಗುಂಯ್ ಎನ್ನುವ ಹಾಗೆಯೇ ಪೆಟ್ಟಿಗೆಯ ಗಾಳಿಯೂ ಕೊಳವೆಯ ಗಾಳಿಯೂ ಸೇರಿ ಒಂದು ನಿಶ್ಚಿತ ಕೆಳಸ್ವರದಲ್ಲಿ ಮಿಡಿಯುತ್ತವೆ. ಕೊಳವೆಯ ಉದ್ದ, ಅಗಲಗಳನ್ನು ಲೆಕ್ಕ ಹಾಕಿ, ಡ್ರೈವರ್ ಸೋಲುವ ಜಾಗದಲ್ಲಿ ಸರಿಯಾಗಿ ಈ ಮಿಡಿತ ಕೈಹಿಡಿಯುವಂತೆ ಮಾಡುತ್ತಾರೆ. ಬಾರನ್ನು ಗೋಡೆಗೆ ಒತ್ತಿ ಇಟ್ಟರೆ ಬೆನ್ನಿನ ಕೊಳವೆಯ ಉಸಿರು ಕಟ್ಟುತ್ತದೆ. ನಾಲ್ಕು ಬೆರಳು ಜಾಗ ಬಿಡುವುದು ಒಳ್ಳೆಯದು.

ಮೂರನೆಯದು ನನಗೆ ಎಲ್ಲಕ್ಕಿಂತ ಅಚ್ಚರಿಯದು. ಹಳೆಯ ಟೆಲಿಫೋನ್ ಲೈನು 300 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಸಾಗಿಸುತ್ತಿರಲಿಲ್ಲ. ಗಂಡಸಿನ ದನಿಯ ಆಧಾರಸ್ವರ ಇರುವುದು 100 ಹರ್ಟ್ಸ್ ಆಸುಪಾಸಿನಲ್ಲಿ. ಆದರೂ ಫೋನಿನಲ್ಲಿ ಅಪ್ಪನ ಗಡಸು ದನಿ ಗಡಸಾಗಿಯೇ ಕೇಳುತ್ತಿತ್ತು. ಆ ಆಧಾರಸ್ವರದ ಮೂರು, ನಾಲ್ಕು, ಐದು ಪಟ್ಟಿನ ಅನುಸ್ವರಗಳು ಕಿವಿಗೆ ಬಿದ್ದರೆ ಸಾಕು, ಕಾಣೆಯಾದ ಬುಡವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಕೆಲವು ಸಣ್ಣ ಸ್ಪೀಕರುಗಳು ಈ ಗುಣವನ್ನೇ ಬಳಸುತ್ತವೆ: ತಮ್ಮಿಂದಾಗದ ಕೆಳಸ್ವರದ ಬದಲು ಅದರ ಅನುಸ್ವರಗಳನ್ನು ಅಳತೆ ನೋಡಿ ಬೆರೆಸುತ್ತವೆ. ಅಳತೆ ಸರಿಯಿದ್ದರೆ ಕೋಣೆಯಲ್ಲಿ ಇಲ್ಲದ ಮಂದ್ರ ನಮಗೆ ಕೇಳುತ್ತದೆ. ಅಳತೆ ತಪ್ಪಿದರೆ ದನಿ ಮೂಗಿನಲ್ಲಿ ಮಾತಾಡಿದಂತಾಗುತ್ತದೆ.

ಇಷ್ಟೆಲ್ಲ ಆದಮೇಲೂ ಗಮನಿಸಬೇಕಾದದ್ದು ಮಾತು. ಕಾಲು, ಸಾಲು, ಹಾಲು, ಪಾಲು ಎಂದು ಹೇಳಿ ನೋಡಿ. ಮೊದಲ ವ್ಯಂಜನವೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ. ಸ್ವರಗಳ ಬಲ ಕೆಳಗಿನ ಭಾಗದಲ್ಲಿದ್ದು ಸುಲಭವಾಗಿ ಕೇಳುತ್ತದೆ. ಮಾತನ್ನು ಮಾತಾಗಿಸುವ ವ್ಯಂಜನಗಳ ಗುರುತುಗಳು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ನಡುವೆ ಮತ್ತು ಅದಕ್ಕೂ ಮೇಲೆ, ಬಹಳ ಕಡಿಮೆ ಬಲದಲ್ಲಿ ಇರುತ್ತವೆ. ನೆಲ ನೋಡುವ ಟಿ.ವಿ. ಸ್ಪೀಕರ್ ಮೊದಲು ಕಳೆದುಕೊಳ್ಳುವುದು ಇವನ್ನೇ. ಸೌಂಡ್‌ಬಾರಿನ ಡ್ರೈವರ್ ನಮ್ಮ ಕಡೆ ಮುಖ ಮಾಡಿರುವುದರಿಂದಲೇ ಅರ್ಧ ಕೆಲಸ ಆದಂತೆ. ಉಳಿದರ್ಧ ಮಾಡುವುದು ಒಳಗಿನ ಚಿಪ್: ಮಾತಿನ ಭಾಗವನ್ನು ತುಸು ಎತ್ತುತ್ತದೆ, ಸ್ಫೋಟದ ಸದ್ದನ್ನು ತಗ್ಗಿಸುತ್ತದೆ, ಕೋನ್ ತನ್ನ ಮಿತಿ ದಾಟುವ ಮುನ್ನ ತಡೆಯುತ್ತದೆ. ರಿಮೋಟಿನಲ್ಲಿ ಡೈಲಾಗ್, ನೈಟ್ ಎಂದು ಬರೆದಿರುವ ಗುಂಡಿಗಳ ಹಿಂದೆ ಇರುವುದು ಈ ಕೆಲಸ. ಒಂದೇ ತರದ ಡ್ರೈವರ್ ಹಾಕಿದ ಎರಡು ಬಾರುಗಳು ಬೇರೆಬೇರೆಯಾಗಿ ಕೇಳುವುದು ಈ ಚಿಪ್ಪನ್ನು ಕೂತು ಹದಗೊಳಿಸಿದವರ ಕಿವಿಯಿಂದ.

ಡಬ್ಬಿಯ ಮೇಲಿನ ಅಂಕಿಗಳನ್ನು ಈಗ ಓದಬಹುದು. 2.0 ಎಂದರೆ ಎಡ, ಬಲ ಎರಡೇ ವಾಹಿನಿ. 2.1ರಲ್ಲಿ ಚುಕ್ಕಿಯ ನಂತರದ ಒಂದು ಎಂದರೆ ಮಂದ್ರಕ್ಕೆಂದೇ ಇರುವ ಸಬ್‌ವೂಫರ್. 3.1ರಲ್ಲಿ ಮಾತಿಗೆಂದೇ ನಡುವೆ ಒಂದು ಸ್ಪೀಕರ್ ಇರುತ್ತದೆ. ನಡುವಿನ ಸ್ಪೀಕರ್ ಇಲ್ಲದ ಬಾರಿನಲ್ಲೂ ನೇರ ಎದುರಿಗೆ ಕೂತರೆ ಮಾತು ಪರದೆಯ ಮಧ್ಯದಿಂದಲೇ ಬಂದಂತೆ ಕೇಳುತ್ತದೆ, ಪಕ್ಕಕ್ಕೆ ಸರಿದರೆ ಆ ಭ್ರಮೆ ಹತ್ತಿರದ ಸ್ಪೀಕರಿನ ಕಡೆ ವಾಲುತ್ತದೆ. ಇಬ್ಬರು ಎದುರಿಗೇ ಕೂರುವ ಮನೆಗೆ 2.0 ಸಾಕು. ಹಾಲಿನ ಉದ್ದಕ್ಕೂ ನಾಲ್ಕು ಜನ ಹರಡಿ ಕೂರುವುದಾದರೆ 3.1ಕ್ಕೆ ದುಡ್ಡು ಕೂಡಿಸುವುದು ಸಾರ್ಥಕ. ಡಾಲ್ಬಿ ಅಟ್ಮಾಸ್ ಎಂಬ ಹೆಸರಿಗೆ ಈ ಬೆಲೆಯಲ್ಲಿ ಹೆಚ್ಚು ಕೊಡಬೇಕಿಲ್ಲ. ಅದರ ಎತ್ತರದ ಪರಿಣಾಮ ನಿಜವಾಗಿ ಬರಬೇಕಾದರೆ ಮೇಲಕ್ಕೆ ಮುಖ ಮಾಡಿದ ಡ್ರೈವರುಗಳು ಬೇಕು, ಅವು ದನಿಯನ್ನು ಸೂರಿಗೆ ಬಡಿದು ಕೆಳಗಿಳಿಸುತ್ತವೆ. ಆರ್‌ಸಿಸಿ ಸೂರಿನ ಕೆಳಗೆ ಅದು ನಡೆದೀತು. ಕರಾವಳಿಯ ಇಳಿಜಾರು ಹಂಚಿನ ಮಾಡಿನಡಿ ದನಿ ಬೇರೆಲ್ಲೋ ಹೋಗುತ್ತದೆ.

ವಾಟ್ ವಿಷಯದಲ್ಲಿ ದಾರಿ ತಪ್ಪುವವರು ಬಹಳ. ವಾಟ್ ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಸಣ್ಣ ವ್ಯತ್ಯಾಸ. ದನಿ ಇಮ್ಮಡಿ ಜೋರು ಎನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಡಬ್ಬಿಯಲ್ಲಿ ಆರ್‌ಎಂಎಸ್ ಎಂದಿರುವ ಅಂಕಿಯನ್ನು ನೋಡಿ, ಪಿಎಂಪಿಒ ಎಂದಿರುವ ಸಾವಿರಗಟ್ಟಲೆ ಅಂಕಿಯನ್ನು ಬಿಟ್ಟುಬಿಡಿ. ಹತ್ತು-ಹನ್ನೆರಡಡಿ ಹಾಲಿನಲ್ಲಿ ಆರೇಳು ಅಡಿ ದೂರ ಕೂತು ಕೇಳುವವರಿಗೆ ಮೂವತ್ತು, ನಲವತ್ತು ವಾಟ್ ಧಾರಾಳವಾಯಿತು.

ಸಬ್‌ವೂಫರ್ ಬೇಕೇ ಎಂಬುದನ್ನು ಮಾತ್ರ ಮನೆಯೇ ತೀರ್ಮಾನಿಸಬೇಕು. ಹನ್ನೆರಡಡಿ ಅಂತರದ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ದನಿ ಸಿಕ್ಕಿಕೊಂಡು ತನ್ನಷ್ಟಕ್ಕೆ ಬೆಳೆಯುತ್ತದೆ. ಆ ಒಂದು ಸ್ವರ ಮಾತ್ರ ಗುಮ್ಮೆನ್ನುತ್ತ ಉಳಿದದ್ದನ್ನು ಮುಚ್ಚುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರಂತೂ ಗುಂಯ್‌ಗುಡುವುದು ಇನ್ನೂ ಹೆಚ್ಚು. ಅದಕ್ಕಿಂತ ಮುಖ್ಯ, ಮಂದ್ರಸ್ವರಕ್ಕೆ ಗೋಡೆಯೂ ತಾರಸಿಯೂ ದೊಡ್ಡ ಅಡ್ಡಿಯಲ್ಲ. ಮಾತು ನಿಮ್ಮ ಬಾಗಿಲಲ್ಲೇ ನಿಂತರೂ ಡುಬುಡುಬು ಸದ್ದು ಕಾಂಕ್ರೀಟಿನಲ್ಲಿ ಇಳಿದು ಕೆಳಗಿನ ಮನೆಯವರ ಮಂಚ ಮುಟ್ಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ ಇಟ್ಟಿವೆ. ಬಾಡಿಗೆ ಮನೆಯವರಿಗೆ ನಿಯಮಕ್ಕಿಂತ ಮೊದಲು ಅಡ್ಡ ಬರುವುದು ನೆರೆಯವರ ನಿದ್ದೆ. ಆದ್ದರಿಂದ ಮೇಲಿನ ಮಹಡಿಯಲ್ಲಿರುವವರು ಸಬ್‌ವೂಫರ್ ಇಲ್ಲದ, ಒಳ್ಳೆಯ ಕೊಳವೆಯಿರುವ ಬಾರನ್ನೇ ಆರಿಸುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಸಬ್‌ವೂಫರ್ ಕೊಂಡೇ ಕೊಳ್ಳುವುದಾದರೆ ಅದರ ದನಿಯನ್ನು ಬೇರೆಯಾಗಿ ತಗ್ಗಿಸುವ ಗುಂಡಿ ಇರಲಿ, ಅಡಿಗೆ ದಪ್ಪ ರಬ್ಬರ್ ಪ್ಯಾಡ್ ಇರಲಿ.

ಅಂಗಡಿಯಲ್ಲಿ ಸೇಲ್ಸಿನವರು ಸಿನಿಮಾದ ಫೈಟ್ ಹಾಕಿ ಕೇಳಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ವಾಲ್ಯೂಮ್ ತಗ್ಗಿಸಿ ವಾರ್ತೆ ಹಾಕಿಸಿ, ಕಣ್ಣು ಮುಚ್ಚಿ ಪ್ರತಿ ಪದ ಬಿಡಿಸಿ ಕೇಳುತ್ತದೆಯೇ ನೋಡಿ. ಆಮೇಲೆ ಫೋನಿನಿಂದ ಒಂದು ಕಛೇರಿ ಹಾಕಿ ಮೃದಂಗ ಕೇಳಿ. ಬಲಮುಖದ ಕಪ್ಪು ಲೇಪದ ಮೇಲೆ ಬೆರಳು ಬಿದ್ದಾಗ ಬರುವ ನಾದ ಟಣ್ಣೆಂದು ಬಿಡಿಯಾಗಿ ಕೇಳಬೇಕು, ರವೆ ಮೆತ್ತಿದ ಎಡಮುಖದ ಗುಮಕಿ ದುಂಡಗೆ ಬಂದು ನಿಲ್ಲಬೇಕು. ಎಡಬಲಗಳೆರಡೂ ಒಂದೇ ಗದ್ದಲವಾಗಿ ಕಲಸಿಹೋದರೆ ಆ ಪೆಟ್ಟಿಗೆ ಬೇಡ. ಯಕ್ಷಗಾನದ ಚೆಂಡೆಯ ಏಟು ಇನ್ನೂ ಕಠಿಣ ಪರೀಕ್ಷೆ. ಹದ ತಪ್ಪಿದ ಬಾರಿನಲ್ಲಿ ಅದು ತಗಡು ಬಡಿದಂತೆ ಕಿವಿಗೆ ಚುಚ್ಚುತ್ತದೆ, ಭಾಗವತರ ಹಾಡು ಹಿಂದೆ ಸರಿಯುತ್ತದೆ.

ಅಂಗಡಿಗೆ ಹೊರಡುವ ಮುನ್ನ ಟೇಪ್ ಹಿಡಿದು ಟಿ.ವಿ. ಅಳೆದುಕೊಳ್ಳಿ. 43 ಇಂಚಿನ ಟಿ.ವಿ.ಯ ಅಗಲ ಸುಮಾರು 96 ಸೆಂಟಿಮೀಟರ್, 32 ಇಂಚಿನದು 72ರ ಆಸುಪಾಸು. ಬಾರ್ ಅದಕ್ಕಿಂತ ಉದ್ದವಿರಬಾರದು. ಟಿ.ವಿ.ಯ ಕೆಳಗಂಚು ಸ್ಟ್ಯಾಂಡಿನಿಂದ ಎಷ್ಟು ಮೇಲಿದೆ ಎಂಬುದನ್ನೂ ನೋಡಿ, ಇಲ್ಲವಾದರೆ ಬಾರ್ ರಿಮೋಟಿನ ಕಣ್ಣನ್ನು ಮುಚ್ಚುತ್ತದೆ. ಜೋಡಿಸಲು ಬ್ಲೂಟೂತ್‌ಗಿಂತ ಕೇಬಲ್ ಮೇಲು, ಏಕೆಂದರೆ ಬ್ಲೂಟೂತಿನಲ್ಲಿ ದನಿ ತುಸು ತಡವಾಗಿ ಬಂದು ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪಬಹುದು. ಟಿ.ವಿ.ಯ ಎಚ್‌ಡಿಎಂಐ ಕಿಂಡಿಗಳಲ್ಲಿ ಎಆರ್‌ಸಿ ಎಂದು ಬರೆದಿರುವುದು ಸಾಮಾನ್ಯವಾಗಿ ಒಂದೇ. ಅದಕ್ಕೆ ಸಿಕ್ಕಿಸಿದರೆ ಟಿ.ವಿ. ರಿಮೋಟಿನಿಂದಲೇ ಬಾರಿನ ವಾಲ್ಯೂಮ್ ಬದಲಿಸಬಹುದು. 2009ಕ್ಕಿಂತ ಹಳೆಯ ಟಿ.ವಿ.ಯಲ್ಲಿ ಈ ಕಿಂಡಿ ಇರದು, ಅಲ್ಲಿ ಆಪ್ಟಿಕಲ್ ಕೇಬಲ್ ಬೇಕು. ಎಲ್ಲ ಸಿಕ್ಕಿಸಿದ ಮೇಲೂ ದನಿ ಬಾರದಿದ್ದರೆ ಬಾರ್ ಕೆಟ್ಟಿದೆ ಎಂದು ಹಿಂತಿರುಗಿಸಲು ಹೋಗಬೇಡಿ. ಟಿ.ವಿ.ಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್ ಎಂಬಲ್ಲಿ ಡಾಲ್ಬಿ ಅಥವಾ ಆಟೋ ಇದ್ದರೆ ಪಿಸಿಎಂ ಎಂದು ಬದಲಿಸಿ. ಡಾಲ್ಬಿ ಬಿಡಿಸಲಾರದ ಅಗ್ಗದ ಬಾರುಗಳಿಗೆ ಅರ್ಥವಾಗುವುದು ಅದೊಂದೇ.