ಬೂದು ಸಂಸಾರದ ಗುಲಾಬಿ ಕನ್ನಡಿ

ಅಲೆಅಲೆಯಾದ ಅಂಚು, ಅದರೊಳಗಿನಿಂದ ಹೊಮ್ಮುವ ಗುಲಾಬಿ ಬೆಳಕು, ಆಳೆತ್ತರದ ನಿಲುವು. ‘ಅಲ್ಟ್ರಾಫ್ರಾಗೊಲಾ’ ಎಂಬ ಹೆಸರು ಕೇಳದವರೂ ಇನ್‌ಸ್ಟಾಗ್ರಾಂನಲ್ಲಿ ಈ ಕನ್ನಡಿಯನ್ನು ಕಂಡಿರುತ್ತಾರೆ. ಸೆಲ್ಫಿಗಳ ದೆಸೆಯಿಂದ ಮೆರೆದ ವಸ್ತು, ವಿನ್ಯಾಸದಲ್ಲಿ ಹುರುಳೇನಿಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಅದು ಹುಟ್ಟಿದ ಸಂಸಾರವನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. 1970ರಲ್ಲಿ ಇಟಲಿಯ ವಿನ್ಯಾಸಕಾರ ಎತ್ತೊರೆ ಸೊಟ್ಸಾಸ್ ಅಲ್ಲಿನ ಟಸ್ಕನಿಯ ಪೊಲ್ಟ್ರೊನೊವಾ ಕಂಪನಿಗಾಗಿ ಇದನ್ನು ರೂಪಿಸಿದ್ದು ‘ಮೊಬಿಲಿ ಗ್ರಿಜಿ’ ಎಂಬ ಸರಣಿಯಲ್ಲಿ; ಹೆಸರೇ ಹೇಳುವಂತೆ ಅವು ಬೂದು ಪೀಠೋಪಕರಣಗಳು, ಫೈಬರ್‌ಗ್ಲಾಸಿನವು. ಎರಡನೆಯ ಮಹಾಯುದ್ಧದಲ್ಲಿ ಜರ್ಜರಿತವಾಗಿದ್ದ ಇಟಲಿಯಲ್ಲಿ ಅಷ್ಟರೊಳಗೆ ಫ್ರಿಜ್, ಟಿವಿಗಳ ಜೊತೆಗೆ ಬಣ್ಣಬಣ್ಣದ ಪ್ಲಾಸ್ಟಿಕ್ಕೂ ಮನೆ ಹೊಕ್ಕಿತ್ತು. ಹಿಂದಿನ ವರ್ಷವಷ್ಟೇ ಪೆರಿ ಕಿಂಗ್ ಜೊತೆಗೂಡಿ ಒಲಿವೆಟ್ಟಿ ಕಂಪನಿಗೆ ಕಡುಗೆಂಪು ‘ವ್ಯಾಲೆಂಟೈನ್’ ಟೈಪ್‌ರೈಟರ್ ಮಾಡಿಕೊಟ್ಟಿದ್ದವರು ಸೊಟ್ಸಾಸ್. ಕೊಳ್ಳುವವರ ಕಣ್ಣು ಯಾವ ಬಣ್ಣಕ್ಕೆ ಸೋಲುತ್ತದೆಂದು ಬಲ್ಲವರೇ ಬೂದನ್ನು ಆರಿಸಿಕೊಂಡರೆಂದರೆ, ಅದು ಅಂಗಡಿಯ ಥಳುಕಿಗೆ ತಿಳಿದೇ ಹಾಕಿದ ಸವಾಲು.

ಈ ಸವಾಲಿನ ಪಕ್ಕದಲ್ಲಿ ಗುಲಾಬಿಗೇನು ಕೆಲಸ? ದೀಪ ಆರಿದ್ದಾಗ ಕನ್ನಡಿಯ ಅಂಚು ಹಾಲುಬಣ್ಣದ ಅಕ್ರಿಲಿಕ್ ಅಷ್ಟೇ, ಬೂದು ಕೋಣೆಯಲ್ಲಿ ತೆಪ್ಪಗೆ ನಿಂತಿರುತ್ತದೆ. ಸ್ವಿಚ್ ಒತ್ತಿದೊಡನೆ ಒಳಗಿನ ದೀಪ ಎದುರು ನಿಂತವರ ಮೈಮೇಲೂ ಗುಲಾಬಿ ಚೆಲ್ಲುತ್ತದೆ. ಮೋಹ ಇಲ್ಲಿ ಸಾಮಾನಿನ ಸ್ಥಾಯೀ ಗುಣವಲ್ಲ, ಬೇಕೆಂದಾಗ ಹಚ್ಚಿ ಬೇಡವಾದಾಗ ಆರಿಸುವಂಥದ್ದು. ನಾಟಕದ ಬಣ್ಣದ ಮನೆಯ ಕನ್ನಡಿಗೂ ಸುತ್ತ ಬಲ್ಬುಗಳಿಲ್ಲವೇ ಎನ್ನಬಹುದು. ಆ ಬಲ್ಬುಗಳಿರುವುದು ಮುಖದ ಕಲೆಗಳನ್ನು ಕಾಣಿಸಲು. ಇದು ಅವನ್ನು ಮರೆಸುತ್ತದೆ. (ಗಡ್ಡ ಹೆರೆಯಲು ಇದರಷ್ಟು ಕೆಟ್ಟ ಕನ್ನಡಿ ಇನ್ನೊಂದಿರಲಾರದು.) ಹಾಗೆ ನೋಡಿದರೆ ಸೆಲ್ಫಿ ಇದಕ್ಕೆ ಬಗೆದ ದ್ರೋಹವಲ್ಲ. ನೋಡಿಕೊಳ್ಳುವವರನ್ನೇ ಅಲಂಕರಿಸುವ ಯಂತ್ರವದು, ಫೋನು ಬಂದದ್ದು ತಡವಾಗಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಕೊಳ್ಳುಬಾಕತನವನ್ನು ಅಣಕಿಸಿದ ವಸ್ತುವೇ ಸಿರಿವಂತರ ಗೋಡೆಯ ಒಡವೆಯಾಗಿದೆ. ಅಲ್ಲಿಗೆ ಅಣಕ ಸೋತಂತಲ್ಲವೇ? ಅರ್ಧ ನಿಜ. ಆದರೆ ಸೋತದ್ದು ಕನ್ನಡಿಯಲ್ಲ. ಸರಣಿಯ ಉಳಿದ ಸಾಮಾನುಗಳು ಮಾರುಕಟ್ಟೆಯಲ್ಲಿ ನೆಲೆಯೂರಲೇ ಇಲ್ಲ, ಉತ್ಪಾದನೆಯಲ್ಲಿ ಉಳಿದುಕೊಂಡದ್ದು ಇದೊಂದೇ. ಬೂದು ಒಡಹುಟ್ಟುಗಳಿಂದ ಬೇರ್ಪಟ್ಟ ಮೇಲೆ ಗುಲಾಬಿಗೆ ಎದುರಾಳಿಯೇ ಇಲ್ಲವಾಯಿತು. ಫೋಟೊಗಳಲ್ಲಂತೂ ಅದು ಸದಾ ಉರಿಯುತ್ತಲೇ ಇರುತ್ತದೆ, ಆರಿಸಿದ ಅಲ್ಟ್ರಾಫ್ರಾಗೊಲಾದ ಚಿತ್ರ ಹುಡುಕಿದರೂ ಸಿಗುವುದು ಅಪರೂಪ. ಬಿಡಿಯಾಗಿ ಮಾರಿದ ಹೊತ್ತಿಗೇ ಅಣಕದ ಹಲ್ಲು ಉದುರಿತ್ತು. ಅದರ ತಪ್ಪನ್ನು ಸೆಲ್ಫಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ.