ಕೌದಿಗೂ ಹಸಿವಾಗುತ್ತದೆ
ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಕಡೆಯ ತುಂಡು ಕೂಡಿಸುವ ಮುನ್ನ ಅದರಡಿ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿದುಬಿಡುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಕೌದಿ ಹಸಿದಿರಬಾರದಂತೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಎಲ್ಲಿಂದ ಬರಬೇಕು!

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳೇ ಮನೆಗಳಲ್ಲಿ ಹಾಸಿಗೆ ಸುರುಳಿ ಬಿಚ್ಚಿದರೆ ಒಂದಾದರೂ ಕೌದಿ ಸಿಕ್ಕೀತು. ಅಜ್ಜಿಯ ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರ, ಗಂಡನ ಮನೆಗೆ ಹೋದ ಮಗಳ ಲಂಗ, ಯಾರದೋ ಕುಬಸದ ತೋಳು. ಯಾವ ತುಂಡು ಯಾರದೆಂದು ಕೇಳಿ ನೋಡಿ, ಊಟದ ಹೊತ್ತು ಮೀರುತ್ತದೆ. ತಳಕ್ಕೆ ಒಗೆದೊಗೆದು ಮೆತ್ತಗಾದ ಸೀರೆ, ನಡುವೆ ಹರಕು ಅರಿವೆಯ ಪದರ, ಮೇಲೆ ಬಣ್ಣದ ತುಂಡುಗಳು. ಹೊಲಿಗೆ ಸಾದಾ; ಆದರೆ ಸಾಲುಗಳು ಒಂದಕ್ಕೊಂದು ಹತ್ತಿರವಿದ್ದಷ್ಟೂ ಬಾಳಿಕೆ.

ಪಕ್ಕದ ಮುಂಡಗೋಡ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದನ್ನೇ ಕವಂದಿ ಎನ್ನುತ್ತಾರೆ. ಅವರ ಕವಂದಿಗಳು 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯವೊಂದರ ಗೋಡೆ ಏರಿದವು. ನಮ್ಮ ಕೌದಿ ಮಾತ್ರ ಇನ್ನೂ ಮಂಚದ ಮೇಲೇ ಇದೆ. ಅದರ ಜಾಗ ಅದೇ ಎಂದು ನನಗನ್ನಿಸುತ್ತದೆ.

ಒಂದು ಹತ್ತಿ ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಅಂಗಿ ತಿಪ್ಪೆಗೆ ಬಿದ್ದರೆ ಆ ನೀರೂ ತಿಪ್ಪೆಗೇ. ಕೌದಿಯಾದರೆ ಇನ್ನಷ್ಟು ವರ್ಷ ಮೈ ಬೆಚ್ಚಗಿಡುತ್ತದೆ. ಹಾಸಿಗೆಗೆ ಬೇಡವಾದಾಗ ಚಕ್ಕಡಿಗೆ, ಅಲ್ಲಿಂದ ಎಳೆಗರುವಿನ ಬೆನ್ನಿಗೆ, ಕಡೆಗೆ ನೆಲ ಒರೆಸುವ ಅರಿವೆಗೆ. ಮರುಬಳಕೆಯ ಭಾಷಣ ಕೇಳುವಾಗೆಲ್ಲ ನನಗೆ ಈ ಚಕ್ಕಡಿ ನೆನಪಾಗುತ್ತದೆ.

ಈಗಿನ ತೊಡಕು ಪಾಲಿಯೆಸ್ಟರ್ ಸೀರೆ. ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಮೈಗೆ ಒಗ್ಗುವುದಿಲ್ಲ. ಮೇಲಿಂದ ಸಂತೆಯಲ್ಲಿ ಸಿಗುವ ಅಗ್ಗದ ಬ್ಲಾಂಕೆಟ್. ಊರೂರು ತಿರುಗಿ ಕೌದಿ ಹೊಲಿದುಕೊಡುವವರಿಗೆ ಕರೆ ಕಡಿಮೆಯಾಗಿದೆ.

"ಕೌದಿ ಹೊಲಿಸ್ತೀರೇನ್ರೀ ಅವ್ವಾರ" ಎಂದು ಯಾರಾದರೂ ಬಾಗಿಲಿಗೆ ಬಂದರೆ ಅಟ್ಟದ ಮೇಲಿನ ಗಂಟು ಇಳಿಸಿ. ಹತ್ತಿಯದನ್ನಷ್ಟೇ ಆರಿಸಿ, ಗುಂಡಿ, ಹುಕ್ಕು ಕಿತ್ತು ಕೊಡಿ. ದಿನಗಟ್ಟಲೆ ಬೆನ್ನು ಬಗ್ಗಿಸಿ ಕೂರುವ ಕೆಲಸ, ಕೂಲಿಗೆ ಚೌಕಾಸಿ ಬೇಡ. ರೊಟ್ಟಿಯ ಚೂರನ್ನೂ ನೀವೇ ಕೊಡಬೇಕು.